ನಲವತ್ತಾರು ಸೆಂಟಿಮೀಟರ್

ಗಾಜಿನ ಕಾರ್ಖಾನೆಯ ಗೇಟಿನೆದುರು ಧ್ವನಿವರ್ಧಕ ಹಿಡಿದು ಮಾತಾಡುತ್ತಿದ್ದ ಮುಷ್ಕರದ ಮುಖಂಡನ ಎದೆಗೆ, ಆರುನೂರು ಮೀಟರ್ ದೂರದ ನೀರಿನ ಟ್ಯಾಂಕಿನ ಮೇಲಿಂದ ಒಂದು ಗುಂಡು ಹಾರಿಸಲಾಯಿತು. ಗುಂಡು ಅವನಿಗೆ ತಗುಲಲಿಲ್ಲ. ಪಕ್ಕದಲ್ಲಿ ನಿಂತಿದ್ದ ಪ್ಯಾಕಿಂಗ್ ವಿಭಾಗದ ಹೆಂಗಸಿಗೆ ತಗುಲಿತು. ಆಸ್ಪತ್ರೆ ತಲುಪುವ ಮೊದಲೇ ಅವಳು ಸತ್ತಳು.

ಆರನೆಯ ದಿನ ಬೆಳಿಗ್ಗೆ ಪೊಲೀಸ್ ಪಡೆಯ ಶೂಟಿಂಗ್ ಮೈದಾನದ ಹಿಂದಿರುವ ಶೆಡ್ಡಿಗೆ ಪಡೆಯ ಸಾಹೇಬರಿಂದ ಒಂದು ಚೀಟಿ ಬಂತು. ಆರುನೂರು ಮೀಟರಿಗೆ ಹತ್ತು ಗುರಿಹಲಗೆ, ವೃತ್ತದ ಅಗಲ ಒಂದು ಮೀಟರ್, ಗುರುವಾರದೊಳಗೆ.

ಗುರಿಹಲಗೆ ಮಾಡುವ ಆ ಶೆಡ್ಡಿನ ಯಜಮಾನಿಕೆ ಹತ್ತೊಂಬತ್ತು ವರ್ಷದಿಂದ ಸೆಂಟಿಮೀಟರಕ್ಕನದು. ಗೋಡೆಯ ಕ್ಯಾಲೆಂಡರ್ ಕೂದಲೆಳೆಯಷ್ಟು ವಾಲಿದರೂ ಎದ್ದುಹೋಗಿ ಸರಿಮಾಡುತ್ತಿದ್ದವಳಿಗೆ ಆ ಹೆಸರು ಯಾರಿಟ್ಟರೋ, ಈಗ ಸಂಬಳದ ಗುಮಾಸ್ತನೂ ಹಾಗೇ ಕರೆಯುತ್ತಿದ್ದ. ಅವಳು ಚೀಟಿಯನ್ನು ಎರಡು ಸಲ ಓದಿ ಬಡಗಿಯಜ್ಜನ ಕೈಗಿತ್ತಳು.

"ಒಂದು ಮೀಟರಾ?" ಅಜ್ಜ ಕನ್ನಡಕ ಮೇಲೇರಿಸಿದ. "ಇದೇನು ಗುರಿಯೋ, ಊಟದ ಮೇಜೋ? ಇದಕ್ಕೆ ಹೊಡೆಯೋಕೆ ಕಣ್ಣೇ ಬೇಡ ತಾಯಿ, ನಾನೇ ಸಾಕು."

ಅವಳು ನಗಲಿಲ್ಲ. ಆರುನೂರು ಮೀಟರಿಗೆ ಈಗಿದ್ದ ವೃತ್ತದ ಅಗಲ ಮೂವತ್ತು ಸೆಂಟಿಮೀಟರ್. ಅದು ಯಾರೋ ಕುರ್ಚಿಯಲ್ಲಿ ಕೂತು ಬಾಯಿಗೆ ಬಂದಂತೆ ಹೇಳಿದ ಅಳತೆಯಲ್ಲ. ಎಂಟು ವರ್ಷದ ಹಿಂದೆ ಹನ್ನೆರಡು ಮಂದಿ ಪಳಗಿದ ಗುರಿಕಾರರಿಂದ ಮೂರು ತಿಂಗಳು ಹೊಡೆಸಿ, ಅವಳು ಹಲಗೆಗಳ ಕೆಳಗಿನ ಕಂದಕದಲ್ಲಿ ಕೂತಿದ್ದಳು. ಒಂದೊಂದು ತೂತೂ ನಡುವಿನ ಚುಕ್ಕೆಯಿಂದ ಎಷ್ಟು ದೂರವೆಂದು ಅಳೆದು, ಅಳತೆ ಪುಸ್ತಕದಲ್ಲಿ ಬರೆದು, ತೂತಿಗೆ ಕಾಗದದ ತುಂಡು ಅಂಟಿಸಿ ಮತ್ತೆ ಹಲಗೆ ಮೇಲೆತ್ತಿದ್ದಳು. ಹತ್ತರಲ್ಲಿ ಒಂಬತ್ತು ಗುಂಡು ಯಾವ ವೃತ್ತದೊಳಗೆ ಬಿದ್ದವೋ ಅದೇ ಮಟ್ಟ. ಆ ಒಂಬತ್ತನ್ನು ಹೊಡೆಯಲಾಗದವನ ಕೈಗೆ ದೂರಕ್ಕೆ ಹೊಡೆಯುವ ಬಂದೂಕು ಕೊಡುವಂತಿಲ್ಲ. ಬಾವುಟ ಅಡ್ಡಕ್ಕೆ ಚಾಚುವಷ್ಟು ಗಾಳಿಯಿದ್ದ ದಿನ ಮಾತ್ರ ಗುಂಡುಗಳು ಯಾವ ವೃತ್ತಕ್ಕೂ ಸಿಕ್ಕಿರಲಿಲ್ಲ. ಅಂಥ ದಿನ ಆರುನೂರು ಮೀಟರಿಗೆ ಹೊಡೆಯಕೂಡದು ಎಂದು ಅದೇ ಪುಟದ ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದ್ದಳು.

ಮಧ್ಯಾಹ್ನ ತಮ್ಮ ಬಂದ. ಅವನೂ ಅದೇ ಪಡೆಯಲ್ಲಿ ಗುರಿಕಾರ. ಐದು ದಿನದಿಂದ ಮನೆ ಕಡೆ ತಲೆ ಹಾಕಿರಲಿಲ್ಲ.

"ಅಕ್ಕ, ಚೀಟಿ ಬಂತಾ?"

"ಚೀಟಿ ವಿಷಯ ನಿಂಗೆ ಹೇಗೋ ಗೊತ್ತು?"

ಅವನು ಪ್ಲೈವುಡ್ ರಾಶಿಯ ಮೇಲೆ ಕುಸಿದು ಕೂತ. ಅವನ ಉಗುರುಗಳನ್ನು ಕಚ್ಚಿ ಕಚ್ಚಿ ರಕ್ತ ಬಂದಿತ್ತು.

"ಟ್ಯಾಂಕಿನ ಮೇಲಿದ್ದೋನು ನೀನಾ?"

"ಗಾಳಿ ಇತ್ತು ಅಕ್ಕ. ಗೇಟಿನ ಬಾವುಟ ಅಡ್ಡಕ್ಕೆ ಚಾಚಿತ್ತು. ಗಾಳಿ ಇದೆ ಸಾರ್ ಅಂದೆ. ಗಾಳಿಗೆ ಹೆದರೋನು ಮನೇಲಿ ಕಿಟಕಿ ಮುಚ್ಕೊಂಡು ಕೂತ್ಕೋಬೇಕಿತ್ತು ಅಂದ್ರು ಸಾಹೇಬ್ರು. ಹೊಡಿ ಅಂದ್ರು. ಹೊಡೆದೆ."

"ನಿನ್ನ ಬಾಯಿಗೆ ಏನಾಗಿತ್ತೋ? ಆಗಲ್ಲ ಅನ್ನೋಕೆ ಆಗ್ಲಿಲ್ವಾ?"

"ನಿಂಗೆ ಹೇಳೋದು ಸುಲಭ. ನಿನ್ನ ಹಲಗೆ ಯಾವತ್ತಾದ್ರೂ ನಿನ್ನನ್ನ ಗದರಿಸಿದ್ಯಾ?" ಅವನ ದನಿ ಒಡೆಯಿತು. "ಶುಕ್ರವಾರ ತನಿಖೆಯವರು ಬರ್ತಾರೆ. ನಿಮ್ಮಕ್ಕ ಮನಸ್ಸು ಮಾಡಿದ್ರೆ ನೀನು ಬಚಾವ್ ಅಂದಿದ್ದಾರೆ ಸಾಹೇಬ್ರು."

"ಗುರಿಯಿಂದ ಎಷ್ಟು ದೂರಕ್ಕೆ ಬಿತ್ತು?"

"ಆ ಮುಖಂಡನ ಎದೆ ನಡುವಿಂದ ನಲವತ್ತಾರು ಸೆಂಟಿಮೀಟರ್. ಫೋಟೋ ಇಟ್ಕೊಂಡು ಅಳೆದ್ರಂತೆ."

ಮೀಟರಿನ ಅರ್ಧ ಐವತ್ತು. ಒಂದು ಮೀಟರಿನ ವೃತ್ತವಾದರೆ ಆ ಗುಂಡು ಗೆರೆಯೊಳಗೆ ಬಿದ್ದಂತೆ. ಗುರಿ ತಪ್ಪಿಲ್ಲ, ಗುರಿಕಾರ ತಪ್ಪಿಲ್ಲ, ಹೊಡಿ ಎಂದವರಂತೂ ತಪ್ಪೇ ಇಲ್ಲ. ಬಂದೂಕು ಹೇಳುವ ಅಳತೆಯನ್ನು ಇಷ್ಟು ವರ್ಷ ಬರೆದವಳಿಗೆ, ಈ ಸಲ ಅಳತೆ ಹೆಣದಿಂದ ಬಂದಿದೆ ಎಂದು ತಿಳಿಯಿತು.

ಅವಳು ಸೀಮೆಸುಣ್ಣಕ್ಕೆ ದಾರ ಕಟ್ಟಿ ಶೆಡ್ಡಿನ ತಗಡಿನ ಗೋಡೆಯ ಮೇಲೆ ಎದೆಯೆತ್ತರಕ್ಕೆ ಮೀಟರಿನ ವೃತ್ತ ಎಳೆದಳು. ತಮ್ಮನನ್ನು ನಡುವೆ ನಿಲ್ಲಿಸಿದಳು. ಎರಡೂ ಭುಜದಾಚೆ ಜಾಗ ಮಿಕ್ಕಿತು. "ನೀವು ಈ ಪಕ್ಕ ಬನ್ನಿ ಅಜ್ಜ. ಭುಜಕ್ಕೆ ಭುಜ ತಾಗಲಿ." ಅಜ್ಜ ನಿಂತ. ಅವನ ಎದೆಯ ನಡು ಗೆರೆಯೊಳಗೇ ಬಂತು. ಇನ್ನೊಂದು ಪಕ್ಕಕ್ಕೆ ತಾನೇ ನಿಂತಳು. ಅವಳದೂ ಬಂತು.

"ಓಹೋ," ಅಜ್ಜ ನಕ್ಕ, "ನಾನು ಸತ್ರೂ ನಿನ್ನ ತಮ್ಮ ಪಾಸು!" ಆಮೇಲೆ ತಾನು ಆಡಿದ್ದು ತನಗೇ ಕೇಳಿಸಿದವನಂತೆ ಗೋಡೆ ಬಿಟ್ಟು ಈಚೆಗೆ ಬಂದ.

ಮೂರು ಗಂಟೆಗೆ ಸಾಹೇಬರೇ ಬಂದರು. ಶೆಡ್ಡಿಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಬೂಟಿಗೆ ಬಣ್ಣ ತಾಗದಂತೆ ನೋಡಿಕೊಂಡು ನಡೆದರು.

"ಏನಮ್ಮ, ಕೆಲಸ ಶುರುವಾಗಿಲ್ಲ?"

"ಈ ಅಳತೆ ಯಾವ ಗುಂಡಿಂದು ಸಾರ್?"

ಅವರು ಮೇಜಿನ ಮೇಲಿದ್ದ ಅಳತೆ ಪುಸ್ತಕ ತೆಗೆದು, ಕೆಂಪು ಶಾಯಿಯ ಪುಟದ ಮೇಲೆ ಬೆರಳಿಟ್ಟರು. "ಈ ಪುಟ ಕಿತ್ತು ಹೊಸದು ಬರಿ. ಎರಡು ವರ್ಷದ ಹಿಂದಿನ ತಾರೀಕು ಹಾಕು. ಆರುನೂರಕ್ಕೆ ಒಂದು ಮೀಟರ್. ಗಾಳಿ ಗೀಳಿ ಏನೂ ಬೇಡ. ಕೆಳಗೆ ನಿನ್ನ ರುಜು. ನಿನ್ನ ತಮ್ಮ ನಾಳೆಯಿಂದಲೇ ಡ್ಯೂಟಿಗೆ ಬರ್ತಾನೆ."

"ಸುಳ್ಳು ಬರಿಯೋಕೆ ಒಂದು ಪುಟ ಸಾಕಲ್ಲ ಸಾರ್. ಹತ್ತು ಹಲಗೆ ಯಾಕೆ?"

"ಸೋಮವಾರ ಮೆರವಣಿಗೆ ಇದೆ. ಸತ್ತವಳ ಫೋಟೋ ಹಿಡ್ಕೊಂಡು ಬರ್ತಾರಂತೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹವಾಮಾನದ ವರದಿ ಓದುವವರ ದನಿ ಅದು. "ಹೊಸಬರು ನಲವತ್ತು ಜನ ಇದ್ದಾರೆ. ನಿನ್ನ ಮೂವತ್ತು ಸೆಂಟಿಮೀಟರಲ್ಲಿ ಪಾಸಾದೋರು ಆರೇ ಜನ. ನಂಗೆ ಛಾವಣಿಗಳ ಮೇಲೆ ನಲವತ್ತು ಬಂದೂಕು ಬೇಕು. ಮೀಟರಿನ ಹಲಗೆ ಆದ್ರೆ ಎಲ್ಲರೂ ಪಾಸಾಗ್ತಾರೆ."

ಮೆರವಣಿಗೆಯಲ್ಲಿ ಜನ ಭುಜಕ್ಕೆ ಭುಜ ತಾಗಿಸಿಕೊಂಡೇ ನಡೆಯುತ್ತಾರೆ. ಹಾಗೆ ನಡೆಯುವವರ ನಡುವೆ ಆ ವೃತ್ತವನ್ನು ಎಲ್ಲಿಟ್ಟರೂ ಮೂರು ಎದೆ ಸಿಗುತ್ತವೆ. ಸಾಹೇಬರು ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಅವಳ ಮುಂದೆ ಚಾಚಿದರು.

"ಅಕ್ಕ," ಬಾಗಿಲ ಹತ್ತಿರ ನಿಂತಿದ್ದ ತಮ್ಮ ಮೆಲ್ಲಗೆ ಅಂದ, "ನಂಗೆ ಎರಡು ಮಕ್ಕಳಿದ್ದಾವೆ."

"ಗೊತ್ತು ಕಣೋ. ಇಬ್ಬರನ್ನೂ ನಾನೇ ಎತ್ತಿ ಆಡಿಸಿದ್ದೀನಿ. ಅವರನ್ನ ನಾನು ಸಾಕ್ತೀನಿ."

ಅವನ ಮುಖ ಬಿಳಿಚಿಕೊಂಡಿತು.

"ನೋಡಮ್ಮ," ಸಾಹೇಬರು ಅಂದರು, "ನೀನು ಬರೀದೆ ಇದ್ರೆ ಶುಕ್ರವಾರ ಸಂಜೆ ಇವನು ಜೈಲಲ್ಲಿರ್ತಾನೆ. ಇವನೊಬ್ಬನೇ."

"ಒಬ್ಬನೇ ಯಾಕೆ ಸಾರ್? ಗಾಳಿ ಇದೆ ಅಂದಾಗ ಹೊಡಿ ಅಂದೋರು ಯಾರು ಅಂತ ತನಿಖೆಯವರಿಗೆ ಅವನೇ ಹೇಳಲಿ. ಹೇಳದಿದ್ರೆ ನಾನು ಹೇಳ್ತೀನಿ." ಅವಳು ಎರಡೂ ಕೈಯನ್ನು ಮೇಜಿನ ಮೇಲೆ ಒತ್ತಿ ಹಿಡಿದಳು. "ಪುಟ ಕೀಳಲ್ಲ. ಹಲಗೆ ಮಾಡಲ್ಲ. ಒಂದೂ ಮಾಡಲ್ಲ."