ವಿಲ್ಸೋ, ಗೋಲ್ಡ್ ಫ್ಲೇಕೋ

ಅಪ್ಪ ಸಿಗರೇಟು ಬಿಟ್ಟು ಹನ್ನೊಂದು ದಿನವಾಗಿತ್ತು. ಕೆಮ್ಮಿನಲ್ಲಿ ರಕ್ತ ಕಂಡ ಮೇಲೆ ಡಾಕ್ಟರು ಒಂದನ್ನೂ ಸೇದಬಾರದು ಎಂದಿದ್ದರು. ಆದರೆ ಬೆಂಗಳೂರಿನ ಬಿಟಿಎಂ ಬಡಾವಣೆಯಲ್ಲಿ ನಮ್ಮದು ಬೀಡಾ ಅಂಗಡಿ. ಕಣ್ಣೆದುರಿಗೇ ಪ್ಯಾಕುಗಳ ಸಾಲು. ಅಪ್ಪ ಏಲಕ್ಕಿ ಅಗಿಯುತ್ತಾ ಒರೆಸಿದ ಡಬ್ಬಗಳನ್ನೇ ಮತ್ತೆ ಒರೆಸುತ್ತಿದ್ದರು. ನಾನು ವೀಳ್ಯದೆಲೆಯ ತೊಟ್ಟು ಮುರಿಯುತ್ತಾ ಅವರ ಬೆರಳುಗಳನ್ನೇ ನೋಡುತ್ತಿದ್ದೆ.

ಧಾರವಾಡದ ಕಡೆಯಿಂದ ಬಂದು ಎದುರು ಮನೆಯಲ್ಲಿ ಬಾಡಿಗೆಗಿದ್ದ ಬಸವಂತ ಕೇಳಿದ, "ಕಾಕಾ, ವಿಲ್ಸ್ ಚಲೋನೋ, ಗೋಲ್ಡ್ ಫ್ಲೇಕ್ ಚಲೋನೋ?"

ಅಪ್ಪನ ಮುಖ ಅರಳಿತು. "ವಿಲ್ಸು ಊಟ ಆದ್ಮೇಲೆ ಸಾರ್, ಗಂಟಲಿಗೆ ಗಟ್ಟಿಯಾಗಿ ಹಿಡಿಯತ್ತೆ. ಗೋಲ್ಡ್ ಫ್ಲೇಕು ಕಾಫಿ ಜೊತೆ. ಕೊನೇಲಿ ಒಂಚೂರು ಸಿಹಿ..."

"ಬರೇ ಬಾಯಿಲೆ ಹೇಳಿದ್ರ ಹೆಂಗ್ರೀ? ಎರಡೂ ಒಂದೊಂದು ದಮ್ ಎಳದು ಹೇಳ್ರಿ, ರೊಕ್ಕ ನಂದು."

ಅಪ್ಪ ವಿಲ್ಸ್ ತೆಗೆದು ತುಟಿಗಿಟ್ಟರು. ಗಿರಾಕಿಗಳು ಹಚ್ಚಿಕೊಳ್ಳಲೆಂದು ಕಂಬಕ್ಕೆ ಕಟ್ಟಿದ್ದ, ಸದಾ ಕಿಡಿ ಹಿಡಿದಿರುವ ನಾರಿನ ಹಗ್ಗದತ್ತ ಬಾಗಿದರು.

ಗಿರಾಕಿಗಳೆದುರು ನಾನು ಬಾಯಿ ಬಿಡುವವಳಲ್ಲ. ಹಗ್ಗವನ್ನೆಳೆದು, ಎಲೆ ತೊಳೆದ ನೀರಿನ ಬಕೆಟ್ಟಿಗೆ ಅದ್ದಿದೆ. ಚುಂಯ್ ಎಂದಿತು.

"ಏನವಾ ತಂಗಿ, ಬೆಂಕೀನ ಆರಿಸಿಬಿಟ್ಯಲ್ಲ!" ಬಸವಂತ ನಕ್ಕ. "ಕಡ್ಡಿಪೆಟ್ಟಿಗಿ ಆದ್ರೂ ಐತಿಲ್ಲೋ?"

ಬೆಂಕಿಪೊಟ್ಟಣಗಳ ಕಟ್ಟಿನ ಮೇಲೆಯೇ ಕೂತಿದ್ದ ನಾನು ಇಲ್ಲವೆಂದು ತಲೆಯಾಡಿಸಿದೆ.

ಅಪ್ಪ ನಾನು ಕೂತ ಜಾಗವನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ತುಟಿಯ ಒದ್ದೆ ಹತ್ತಿದ ವಿಲ್ಸನ್ನು ಮುರಿದು ಬಕೆಟ್ಟಿಗೆ ಹಾಕಿದರು.

"ಗೋಲ್ಡ್ ಫ್ಲೇಕೇ ತಗೊಳ್ಳಿ ಸಾರ್," ಎಂದರು. "ನಂಗೆ ರುಚಿ ಮರ್ತೋಗಿದೆ."

ಮತ್ತೆ ಬಟ್ಟೆ ಎತ್ತಿಕೊಂಡು ಅದೇ ಡಬ್ಬವನ್ನು ಒರೆಸತೊಡಗಿದರು.