ತಟ್ಟೆಯಗಲದ ನೋಟ

ಬೆಂಡೆಕಾಯಿ ಎಣ್ಣೆಯಲ್ಲಿ ಚಟಪಟ ಎನ್ನುತ್ತಿದೆ, ಆದರೆ ಈ ಧಪಧಪ ಅದರದಲ್ಲ, ಲೂಷಿಯಸ್ ನೆಲಕ್ಕೆ ಕಾಲು ಬಡಿಯುತ್ತಿದ್ದಾನೆ, ಹಲಗೆಯ ನೆಲ, ಅವನ ಖುಷಿ ಒಲೆಯ ಮುಂದೆ ನಿಂತ ನನ್ನ ಪಾದದವರೆಗೂ ಬಂತು, ನಲವತ್ತಾರು ವರ್ಷ ಕಿವುಡನ ಹೆಂಡತಿ ನಾನು, ಈ ಮನೆಯಲ್ಲಿ ಕರೆಯುವುದೂ ನಗುವುದೂ ಕಾಲಿನಿಂದಲೇ — ಹೋದ ವಾರ ಮುಖ ಊದಿಸಿಕೊಂಡಿದ್ದವನೂ ಇವನೇ, ಅಂಗಡಿಯ ಮುಂದೆ ಡೇರೆ ಹಾಕಿಕೊಂಡು ಕೂತಿದ್ದ ಆ ಹಳದಿ ಉಗುರಿನ ಹೆಂಗಸು ನನ್ನನ್ನು ಕೇಳಿದ್ದಳು, ಅಮ್ಮಾ, ನಿಮ್ಮನೇಲಿ ಯಾರಿಗಾದ್ರೂ ಮೆಡಿಕೇಡ್ ಇದೆಯಾ, ಬಡವರ ಆಸ್ಪತ್ರೆ ಕಾರ್ಡು, ಇದ್ರೆ ಟ್ಯಾಬ್ಲೆಟ್ ಪುಕ್ಕಟೆ, ಪಕ್ಕದ ಮನೆಯ ಅರ್ಲೀನ್ ಅಲ್ಲೇ ನಿಂತು ಮೂಗು ಮುರಿದಳು, ಮೆಡಿಕೇಡ್‌ನೋರು ಟ್ಯಾಬ್ಲೆಟ್ ಕೊಡೋದು ಹೊಸದೇನೇ ವರ್ಲೀನ್, ನಂಗೆ ದಿನಾ ಆರು ನುಂಗಿಸ್ತಾರೆ, ಅದಲ್ಲ ಕಣೇ, ದೂರದವರ ಮುಖ ಕಾಣೋ ಗಾಜಿನ ಹಲಗೆ, ಹಾಗಾದ್ರೆ ಮೋಸಾನೇ, ಈ ಊರಲ್ಲಿ ಪುಕ್ಕಟೆ ಸಿಗೋದು ಸೊಳ್ಳೆ ಮಾತ್ರ. ಮನೆಗೆ ಬಂದು ಸನ್ನೆಯಲ್ಲಿ ಹೇಳಿದೆ, ಮುಗಿಯುವ ಮೊದಲೇ ಲೂಷಿಯಸ್ ಮುಖ ತಿರುಗಿಸಿದ, ಎರಡೇ ಸನ್ನೆ ಮಾಡಿದ, ನನ್ನ ಕೈ ಇರೋದು ಮಾತಾಡೋಕೆ, ಚಾಚೋಕಲ್ಲ, ಹತ್ತಿ ಗಿರಣಿಯಲ್ಲಿ ಬೆನ್ನು ಬಗ್ಗಿಸಿದ ಮನುಷ್ಯ, ಒತ್ತಾಯ ಮಾಡಲಿಲ್ಲ ನಾನು, ಮಾರನೆಯ ದಿನ ಟಲ್ಸಾದಿಂದ ಒಡೆಸಾಳ ಕಾಗದ ಬಂತು, ರಾಯ್ಸ್‌ನ ಹೆಂಡತಿ, ಇವನೂ ರಾಯ್ಸೂ ಲಿಟಲ್ ರಾಕ್‌ನ ಶಾಲೆಯಲ್ಲಿ, ಕರಿಯ ಕಿವುಡ ಮಕ್ಕಳನ್ನು ಬೇರೆ ಕೂರಿಸುತ್ತಿದ್ದ ಕಾಲದ ಶಾಲೆಯಲ್ಲಿ, ಒಂದೇ ಮಂಚದಲ್ಲಿ ಮಲಗಿದವರು, ಮುಖ ನೋಡಿ ಹತ್ತೊಂಬತ್ತು ವರ್ಷವಾಯಿತು, ಕಾಗದದಲ್ಲಿ ಬರೆದಿದ್ದಳು, ರಾಯ್ಸ್ ಕಣ್ಣು ಅಂಚಿನಿಂದ ಕತ್ತಲಾಗ್ತಾ ಬರ್ತಿದೆ, ಈಗ ಒಂದು ತಟ್ಟೆ ಅಗಲ ಕಾಣುತ್ತೆ, ಚಳಿಗಾಲಕ್ಕೆ ಎಷ್ಟು ಉಳಿಯುತ್ತೋ ಡಾಕ್ಟರಿಗೂ ಗೊತ್ತಿಲ್ಲ, ನನ್ನ ಕೈ ನೋಡಿದ್ರೆ ಮುಖ ಕಾಣಲ್ಲ, ಮುಖ ನೋಡಿದ್ರೆ ಕೈ ಕಾಣಲ್ಲ. ಲೂಷಿಯಸ್ ಮೂರು ಸಲ ಓದಿದ, ಬಸ್ಸಿನಲ್ಲಿ ಒಂದು ಹಗಲು ಪೂರ್ತಿ ಕೂರಲು ಅವನ ಮಂಡಿ ಒಪ್ಪುವುದಿಲ್ಲ, ಮೇಜಿನ ಖಾನೆ ತೆರೆದು ಕಾರ್ಡು ತೆಗೆದ, ಟೋಪಿ ಹಾಕಿಕೊಂಡ, ನಡಿ.

ಡೇರೆಯಲ್ಲಿ ಮೊದಲು ಆಗುವುದಿಲ್ಲ ಅಂತಲೇ ಬಂತು, ಕಾರ್ಡಿನ ಹೆಸರಿಗೂ ಆ ಹೆಂಗಸು ಒತ್ತಿದ ಹೆಸರಿಗೂ ತಾಳೆಯಿಲ್ಲ, ಲೂಷಿಯಸ್ ಆಗಲೇ ಎದ್ದು ನಿಂತಿದ್ದ, ಕೂತ್ಕೊಳ್ಳಿ ಅಂಕಲ್, ತಪ್ಪು ನಂದೇ, ಈ ಉದ್ದ ಉಗುರು ಒಂದಕ್ಷರ ಜಾಸ್ತಿ ಒತ್ತಿಬಿಡ್ತು, ಮತ್ತೆ ಒತ್ತಿದಳು, ಹಸಿರು ಗುರುತು ಬಂತು, ಹಲಗೆಯನ್ನು ಎದೆಗವಚಿಕೊಂಡು ತಂದ, ಮೊಟ್ಟೆಯ ತಟ್ಟೆ ತರುವವರ ಹಾಗೆ — ಇವತ್ತು ಮಧ್ಯಾಹ್ನ ಕರೆ ಮಾಡಿದಾಗ ಗಾಜಿನ ತುಂಬ ಇವನ ಗಲ್ಲವೇ, ಒಡೆಸಾ ಆ ಕಡೆಯಿಂದ ನಗುತ್ತಿದ್ದಾಳೆ, ವರ್ಲೀನ್, ನಿನ್ನ ಗಂಡನ್ನ ಹಿಂದಕ್ಕೆ ತಳ್ಳೇ, ಇನ್ನೂ ಹಿಂದೆ, ಹಿಂದೆ ಹಿಂದೆ ಹೋಗಿ ಗೋಡೆಗೆ ಅಂಟಿ ನಿಂತ, ಆಗ ಇಡೀ ಲೂಷಿಯಸ್, ಬೋಳುತಲೆ, ಅಂಗಿ, ಭುಜದಿಂದ ಬೀಸುವ ಆ ಎರಡು ತೋಳು, ಅವರ ಶಾಲೆಯ ದೊಡ್ಡ ದೊಡ್ಡ ಸನ್ನೆ, ಎಲ್ಲವೂ ರಾಯ್ಸ್‌ನ ಕಣ್ಣಿನ ತಟ್ಟೆಯಷ್ಟಗಲದೊಳಗೆ ಕೂತವು, ಎದುರಿಗೆ ಹೋಗಿ ನಿಂತಿದ್ದರೂ ಕೂರುತ್ತಿರಲಿಲ್ಲವಲ್ಲ, ರಾಯ್ಸ್ ಕೈ ಎತ್ತಿದ, ನೀನು ಪೂರ್ತಿ ಕಾಣ್ತಿದ್ದೀಯ, ಮುದುಕ ಆಗಿದ್ದೀಯ, ನಿನ್ನ ಹೊಟ್ಟೆ ನೋಡು, ಅದು ಈ ಹಲಗೆ ದಪ್ಪ ತೋರಿಸೋದು ಕಣೋ, ಸುಳ್ಳ, ಸುಳ್ಳ — ಅಯ್ಯೋ ಬೆಂಡೆಕಾಯಿ ಸೀದುಹೋಯ್ತು, ಸೀಯಲಿ, ಒಲೆ ಆರಿಸಿದೆ, ಬಾಗಿಲಲ್ಲಿ ನಿಂತಿದ್ದೇನೆ, ರಾಯ್ಸ್ ಮಾತು ನಡುವೆ ಬಿಟ್ಟು ಎರಡು ಬೆರಳಿಂದ ಹುಬ್ಬು ತಟ್ಟಿಕೊಂಡ, ಇದ್ಯಾವ ಸನ್ನೆ, ಇಷ್ಟು ವರ್ಷದಲ್ಲಿ ನಾನು ನೋಡಿಲ್ಲವಲ್ಲ, ಹತ್ತಿರ ಹೋಗಿ ಅವನ ಕಣ್ಣಿನ ಪಕ್ಕ ಕೈಯಾಡಿಸಿ ಏನದು ಅಂತ ಕೇಳಿದೆ, ಲೂಷಿಯಸ್ ನನ್ನತ್ತ ತಿರುಗದೆಯೇ ಹೇಳಿದ, ನನ್ನ ಹೆಸರು, ಇವನು ಇಟ್ಟಿದ್ದು, ಬೇರೆ ಯಾರೂ ಕರೆಯಲ್ಲ, ಕಾಲು ನೆಲಕ್ಕೆ ಬಡಿಯುತ್ತಿದೆ, ಗಾಜಿನಲ್ಲಿ ರಾಯ್ಸ್ ಮತ್ತೆ ಕರೆಯುತ್ತಿದ್ದಾನೆ, ಹುಬ್ಬಿನ ಮೇಲೆ ಎರಡು ಬೆರಳು, ಮತ್ತೆ ಎರಡು ಬೆರಳು, ಹುಬ್ಬಿನ ಮೇಲೆ