ಸುಮ್ಮನೆ ನಿಂತ ಕಂಬ

ನನ್ನ ತಮ್ಮ ಮುನಿನಾರಾಯಣ ಚಿಕ್ಕಬಳ್ಳಾಪುರದಲ್ಲಿ ಎಂಜಿನಿಯರು. ಎಂಬತ್ತೇಳರಲ್ಲಿ ಸಾದಲಿಯ ನಮ್ಮ ತೊಟ್ಟಿಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಕೊಟ್ಟವನು ಅವನೇ. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ ಅಂತ ವಾರಗಿತ್ತಿ ಆಡಿಕೊಂಡಳು. ಆಡಿಕೊಳ್ಳಲಿ, ಅವಳದು ಹೆಂಚಿನ ಮನೆ.

ಹಳೇ ಮನೆಯಲ್ಲಿ ನಾಲ್ಕು ಮರದ ಕಂಬಗಳಿದ್ದವು. ಮೂರನ್ನು ಶಿಡ್ಲಘಟ್ಟದ ರೇಷ್ಮೆಯವರು ಗೂಡು ಬೇಯಿಸುವ ಒಲೆಗೆ ಒಯ್ದರು. ನಾಲ್ಕನೆಯದನ್ನು ನಮ್ಮತ್ತೆ ಅಕ್ಕಯಮ್ಮ ತಬ್ಬಿಕೊಂಡು ಕೂತುಬಿಟ್ಟರು.

"ಇದನ್ನ ಹಿಡ್ಕೊಂಡೇ ನಿನ್ನ ಗಂಡನ್ನ ಹೆತ್ತಿದ್ದು ಕಣಮ್ಮ."

"ಆರ್‌ಸಿಸಿಗೆ ಕಂಬ ಬೇಕಾಗಲ್ಲಮ್ಮ," ಅಂದ ತಮ್ಮ.

"ಬೇಡದಿದ್ರೆ ಬೇಡ. ಸುಮ್ನೆ ನಿಂತಿರ್ಲಿ. ನಾನಿಲ್ವಾ?"

ನಿಂತಿತು, ನಡುಮನೆಯ ಮಧ್ಯೆ, ಏನನ್ನೂ ಹೊರದೆ. ಅದಕ್ಕೂ ಸೂರಿಗೂ ಮೂರು ಬೆರಳು ಅಂತರ. ಅತ್ತೆ ಶುಕ್ರವಾರ ಅದಕ್ಕೆ ಅರಿಶಿನ ಹಚ್ಚುತ್ತಿದ್ದರು. ನಾನು ಎಡವಿದ ಕಾಲನ್ನೇ ಎಡವಿಕೊಂಡು ಅದರ ವಂಶಕ್ಕೆಲ್ಲ ಶಾಪ ಹಾಕುತ್ತಿದ್ದೆ. ಮೇಲಿನ ಸಂದಿಯಲ್ಲಿ ಗುಬ್ಬಿ ಗೂಡು ಬೇರೆ. ಸೋಫಾ ಮೇಲೆಲ್ಲ ಹುಲ್ಲು.

ತೆಗೆಸುತ್ತೇನೆ ಅಂದಾಗಲೆಲ್ಲ ಅತ್ತೆಯದು ಒಂದೇ ಮಾತು: "ಮರಿ ಹಾರೋಗಂಟ ತಡಿಯಮ್ಮ." ಆ ಗುಬ್ಬಿಗೆ ಬಾಣಂತನ ಮುಗಿದದ್ದೇ ಇಲ್ಲ.

ಒಂದು ವರ್ಷ ಗುಬ್ಬಿ ಬಂತು, ಕಂಬದ ಸುತ್ತ ಹಾರಾಡಿತು, ಹೊರಟುಹೋಯಿತು. ಮತ್ತೆ ಬರಲಿಲ್ಲ.

"ಈಗೇನು ನೆಪ?" ಅಂದೆ. ಅತ್ತೆ ಕಂಬದ ಮೇಲೆ ಕೈಯಿಟ್ಟು ಕೂತರು. ಆದರೂ ತಮ್ಮನಿಗೆ ಹೇಳಿಕಳಿಸಿದೆ.

ಅವನು ಬಡಗಿಯೊಂದಿಗೆ ಬಂದ. ಗರಗಸ ಎರಡು ಬೆರಳಿನಷ್ಟು ಕೊಯ್ದು ಕಚ್ಚಿಕೊಂಡಿತು. ಎಳೆದರೂ ಬಾರದು, ತಳ್ಳಿದರೂ ಹೋಗದು. ತಮ್ಮ ಸ್ಟೂಲು ಹತ್ತಿ ಕಂಬದ ತಲೆ ನೋಡಿದ. ಸಂದಿಗೆ ಬೆರಳು ತೂರಿಸಲು ಹೋದ. ಉಗುರೂ ಹಿಡಿಸಲಿಲ್ಲ. ಅವನ ಆರ್‌ಸಿಸಿ ಇಳಿದು ಬಂದು ಕಂಬದ ಮೇಲೆ ಕೂತಿತ್ತು.

"ಸಾಕು, ನಿಲ್ಸಪ್ಪ," ಅಂತ ಬಡಗಿಗೆ ಹೇಳಿ ಮೆಲ್ಲಗೆ ಕೆಳಗಿಳಿದ. ಅಯ್ಯೋ, ಅವನ ಮುಖ ನೋಡಲಾಗಲಿಲ್ಲ ನನಗೆ.

"ಏನಪ್ಪಾ, ತೆಗಿಯಲ್ವಾ?" ಅಂದರು ಅತ್ತೆ.

"ಇರ್ಲಿ ಬಿಡಮ್ಮ."

ನಾನು ಕಾಫಿ ಕೊಟ್ಟೆ. ಅವನು ಕುಡಿಯದೆ ಲೋಟ ಕೆಳಗಿಟ್ಟ.

"ಅಕ್ಕಾ, ಮಿಕ್ಕ ಮೂರು ಕಂಬ ಎಲ್ಲಿವೆ?"

"ಯಾವತ್ತೋ ಬೂದಿ ಆದ್ವಲ್ಲೋ. ಯಾಕೆ?"

"ನಮ್ಮನೇದೂ ಇದೇ ಪ್ಲಾನು."

ಅತ್ತೆ ಸೆರಗಿನಿಂದ ಕಂಬದ ಮೇಲಿನ ಮರದ ಪುಡಿ ಒರೆಸಿದರು.

"ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಇಲ್ಲಿಗೇ ಬಂದ್ಬಿಡಪ್ಪ," ಅಂದರು. "ಇಲ್ಲಿ ಕಂಬ ಐತೆ."